ಭಕ್ತಿಯ ಬಣ್ಣ, ಗೋಡೆಯ ಗೋಳು

ಶಿರಾ ಪಟ್ಟಣದ ಜುಮ್ಮಾ ಮಸೀದಿಯ ಮುಂದೆ ಶಾಲಾ ಪ್ರವಾಸದ ಬಸ್ಸು ನಿಂತರೆ ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಮಕ್ಕಳು ಇಳಿಯುತ್ತಾರೆ, ಒಂದು ಸುತ್ತು ನೋಡುತ್ತಾರೆ, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಟ್ಟಿಸಿದ ಇಸವಿ 1696 ಎಂದು ಮೇಷ್ಟ್ರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. ಸಂಜೆ ಮನೆಗೆ ಬಂದ ಮಗಳನ್ನು ಅಪ್ಪ ಕೇಳುತ್ತಾನೆ: “ಏನಮ್ಮಾ, ಏನೇನು ನೋಡಿದೆ?” “ಮಸೀದಿ ನೋಡಿದೆ ಅಪ್ಪಾ, ತುಂಬಾ ಹಳೇದು.” ಮಾತು ಅಲ್ಲಿಗೇ ನಿಲ್ಲುತ್ತದೆ.

‘ಹಳೇದು’ ಎಂಬ ಒಂದೇ ಮಾತಿನಲ್ಲಿ ಮುನ್ನೂರು ವರ್ಷಗಳನ್ನು ಮುಗಿಸಿಬಿಟ್ಟರೆ ಕಟ್ಟಡಕ್ಕೆ ಅನ್ಯಾಯವಾದಂತೆ. ಆ ಕಟ್ಟಡ ಇಷ್ಟು ದಿನ ಹೇಗೆ ನಿಂತಿತು? ಮುಂದೆ ನಿಲ್ಲಬೇಕಾದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟರೆ ದಾರಿ ವಿಚಿತ್ರವಾದ ಕಡೆಗೆ ಕರೆದೊಯ್ಯುತ್ತದೆ. ಶಿರಾದ ಮಸೀದಿಯಂಥ ಕಟ್ಟಡಗಳನ್ನು ಹೇಗೆ ರಿಪೇರಿ ಮಾಡಬೇಕು ಎಂದು ಇಂದು ಪಾಲಿಸುವ ನಿಯಮಗಳ ಒಂದು ಬೇರು ಇರುವುದು ಇಂಗ್ಲೆಂಡಿನ ಹಳ್ಳಿ ಹಳ್ಳಿಯ ಹಳೆಯ ಚರ್ಚುಗಳಲ್ಲಿ. ಆ ಚರ್ಚುಗಳನ್ನು ಚೆಂದ ಮಾಡಲು ಹೋಗಿ ಕೆಡಿಸಿದವರ ವಿರುದ್ಧ ಎದ್ದ ಒಂದು ಜಗಳದಲ್ಲಿ.

ಆ ಜಗಳ ಅರ್ಥವಾಗಬೇಕಾದರೆ ಮೊದಲು ಕಲ್ಲಿನ ಲೆಕ್ಕ ಅರ್ಥವಾಗಬೇಕು.

ಒಂದೇ ಕಲ್ಲು, ಎರಡು ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಲ್ಲಿಗೆ ಬರವಿಲ್ಲ. ಸುಮಾರು 3,900 ಅಡಿ ಎತ್ತರದ ಮಧುಗಿರಿ ಏಕಶಿಲಾ ಬೆಟ್ಟವನ್ನು ನೋಡಿಯೇ ಇದನ್ನು ತಿಳಿಯಬಹುದು. ಬಂಡೆಯ ಮೇಲೆ ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು ಚಪ್ಪಡಿ ಸೀಳಿದ ಗುರುತುಗಳು ಈ ಭಾಗದ ಬೆಟ್ಟಗುಡ್ಡಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಗುಡಿಯೂ ಈ ಕಲ್ಲಿನದೇ, ಕೋಟೆಯೂ ಈ ಕಲ್ಲಿನದೇ, ಮಸೀದಿಯೂ ಈ ಕಲ್ಲಿನದೇ. ಆದರೆ ಕಲ್ಲನ್ನು ಬಳಸಿದ ಲೆಕ್ಕ ಮಾತ್ರ ಬೇರೆ ಬೇರೆ.

ತರಗತಿಯಲ್ಲಿ ಒಂದು ಬಳಪ ತೆಗೆದುಕೊಂಡರೆ ಈ ಲೆಕ್ಕ ಗೊತ್ತಾಗುತ್ತದೆ. ಬಳಪದ ಎರಡು ತುದಿ ಹಿಡಿದು ಬಗ್ಗಿಸಿದರೆ ಥಟ್ಟನೆ ಮುರಿಯುತ್ತದೆ. ಅದೇ ಬಳಪವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಸುಲಭಕ್ಕೆ ಬಗ್ಗುವುದಿಲ್ಲ, ಜಗ್ಗುವುದಿಲ್ಲ. ಕಲ್ಲಿನ ಗುಣವೂ ಇದೇ. ಒತ್ತಡ ತಡೆಯುವುದರಲ್ಲಿ ಅದು ಗಟ್ಟಿ, ಬಾಗುವುದರಲ್ಲಿ ದುರ್ಬಲ.

ಮಧುಗಿರಿ ಪಟ್ಟಣದಲ್ಲಿ ಅಕ್ಕಪಕ್ಕದಲ್ಲಿಯೇ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರಸ್ವಾಮಿ ದೇವಾಲಯಗಳಿವೆ. ದ್ರಾವಿಡ ಶೈಲಿಯ ಇಂಥ ಗುಡಿಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ತೊಲೆ ತುಂಬಾ ಉದ್ದವಾದರೆ ತನ್ನ ಭಾರಕ್ಕೆ ತಾನೇ ನಡುವೆ ಬಿರುಕು ಬಿಡುತ್ತದೆ. ಅದಕ್ಕೇ ಕಂಬಗಳು ಎಂಟು ಹತ್ತು ಅಡಿಗೊಂದರಂತೆ ಒತ್ತೊತ್ತಾಗಿ ನಿಂತಿರುತ್ತವೆ. ಕಂಬದ ತಲೆಯ ಮೇಲಿನ ಬೋದಿಗೆ ಬರೀ ಅಲಂಕಾರಕ್ಕೆ ಇಟ್ಟದ್ದಲ್ಲ. ಅದು ಎರಡೂ ಕಡೆ ಕೈಚಾಚಿ ತೊಲೆಯ ಹೊರೆಯನ್ನು ಹಗುರ ಮಾಡುತ್ತದೆ. ನವರಂಗದಲ್ಲಿ ನಿಂತ ವಿದ್ಯಾರ್ಥಿ “ಇಷ್ಟೊಂದು ಕಂಬ ಯಾಕೆ?” ಎಂದು ಕೇಳಿದರೆ ಭೌತಶಾಸ್ತ್ರದ ಪಾಠ ಶುರುವಾಯಿತೆಂದೇ ಅರ್ಥ.

ಶಿರಾದ್ದು ಇನ್ನೊಂದು ಲೆಕ್ಕ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕೈಗೆ ಬಂದ ಈ ಊರು, 1687ರಲ್ಲಿ ಮೊಗಲರ ವಶವಾಗಿ ಅವರ ಒಂದು ಪ್ರಾಂತ್ಯದ ರಾಜಧಾನಿಯಾಯಿತು. ಆ ಕಾಲದ ಜುಮ್ಮಾ ಮಸೀದಿ ನಯಗೊಳಿಸಿದ ಕಲ್ಲಿನದು. ಅದಕ್ಕಿಂತ ಮೊದಲಿನದು, ಹದಿನೇಳನೇ ಶತಮಾನದ ನಡುಭಾಗದ್ದು, ಮಲಿಕ್ ರಿಹಾನನ ಸಮಾಧಿ. ಇಲ್ಲಿ ತೊಲೆಯ ಬದಲು ಕಮಾನು ಬಂದಿದೆ, ಚಪ್ಪಡಿಯ ಬದಲು ಗುಮ್ಮಟ ಬಂದಿದೆ. ಕಮಾನಿನಲ್ಲಿ ಕಲ್ಲು ಬಾಗಬೇಕಾದ ಪ್ರಮೇಯವೇ ಇಲ್ಲ. ಒಂದು ಕಲ್ಲು ಪಕ್ಕದ ಕಲ್ಲನ್ನು ಒತ್ತುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ಭಾರ ಸಾಗಿ ಸಾಗಿ ನೆಲ ಸೇರುತ್ತದೆ. ನೆಟ್ಟಗೆ ನಿಂತ ಬಳಪದ ಲೆಕ್ಕ ಇದು. ಇದೇ ಲೆಕ್ಕವನ್ನು ದೊಡ್ಡದು ಮಾಡಿ ಬಿಜಾಪುರದವರು ಗೋಳಗುಮ್ಮಟ ಕಟ್ಟಿದರು. ಸುಮಾರು 124 ಅಡಿ ಅಗಲದ ಗುಮ್ಮಟದ ಕೆಳಗೆ ನಡುವೆ ಒಂದೂ ಕಂಬವಿಲ್ಲ.

ಆದರೆ ಕಮಾನಿಗೂ ಒಂದು ಚಿಂತೆ ಇದೆ. ಅದು ಕಾಲುಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಆ ತಳ್ಳುವಿಕೆ ತಡೆಯಲು ದಪ್ಪ ಗೋಡೆ ಬೇಕು, ಪಕ್ಕದಲ್ಲಿ ಭಾರ ಬೇಕು. ಹಾಗಾಗಿ ಕಮಾನಿನ ಕಟ್ಟಡದ ಗೋಡೆಗೆ ಕೈಹಾಕುವ ಮುನ್ನ ಹತ್ತು ಸಲ ಯೋಚಿಸಬೇಕು. ಒಂದು ಕಡೆ ಒಡೆದರೆ ಇನ್ನೊಂದು ಕಡೆ ಬಿರುಕು ಕಾಣಿಸಿಕೊಳ್ಳುತ್ತದೆ.

ಊರವರು ಕಟ್ಟಿದ ಚರ್ಚು

ಇದೇ ಕಮಾನಿನ ಲೆಕ್ಕದಲ್ಲಿ ನಿಂತವು ಇಂಗ್ಲೆಂಡಿನ ಊರ ಚರ್ಚುಗಳು. ಅವನ್ನು ಅಲ್ಲಿ ‘ಪ್ಯಾರಿಷ್ ಚರ್ಚ್’ ಎನ್ನುತ್ತಾರೆ. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ವ್ಯಾಪ್ತಿಗೆ ಬರುವ ಊರು, ಕೇರಿ. ಆ ಊರಿನವರ ಜ್ಞಾನಸ್ನಾನ, ಮದುವೆ, ಮಣ್ಣು ಎಲ್ಲವೂ ಅಲ್ಲಿಯೇ. ನಮ್ಮ ಕಡೆ ಊರ ಗುಡಿ ಇದ್ದಂತೆ. ಇಂಗ್ಲೆಂಡಿನ ಚರ್ಚು ವ್ಯವಸ್ಥೆಯ ಕೈಯಲ್ಲಿ ಇಂದಿಗೂ ಸುಮಾರು 16,000 ಚರ್ಚು ಕಟ್ಟಡಗಳಿವೆ.

ಅಂಥ ಚರ್ಚು ಹೇಗಿರುತ್ತದೆಂದು ನೋಡಲು ಇಂಗ್ಲೆಂಡಿಗೇ ಹೋಗಬೇಕಾಗಿಲ್ಲ. ಬೆಂಗಳೂರಿನ ರಿಚ್ಮಂಡ್ ಟೌನ್ ಬಳಿಯ ಆಲ್ ಸೇಂಟ್ಸ್ ಚರ್ಚ್ ಆ ಮಾದರಿಯದು. 1870ರಲ್ಲಿ ಆರಂಭವಾದ ಅದರ ನಕ್ಷೆ ರಾಬರ್ಟ್ ಚಿಶಮ್ ಅವರದು. ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸ್ ವಿನ್ಯಾಸವೂ ಅವರದೇ. ಮರಗಳ ನೆರಳಿನಲ್ಲಿ ಇಳಿಜಾರು ಸೂರು, ಚೂಪು ತಲೆಯ ಕಿಟಕಿಗಳು: ಇಂಗ್ಲೆಂಡಿನ ಹಳ್ಳಿಯೊಂದರ ತುಂಡು ತಂದಿಟ್ಟ ಹಾಗೆ.

ಊರ ಚರ್ಚಿನ ಒಳಗೆ ಮುಖ್ಯವಾಗಿ ಎರಡು ಭಾಗ. ಜನ ಕೂರುವ ಉದ್ದನೆಯ ಅಂಗಣ ‘ನೇವ್’. ಹಡಗು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಅದರಾಚೆ, ಪೂರ್ವ ದಿಕ್ಕಿಗೆ, ಪೂಜಾಪೀಠವಿರುವ ‘ಚಾನ್ಸೆಲ್’. ನವರಂಗ ಮತ್ತು ಗರ್ಭಗುಡಿ ಎಂದುಕೊಂಡರೆ ಹೆಚ್ಚು ತಪ್ಪಾಗದು. ಮಸೀದಿಯಲ್ಲಿಯೂ ದಿಕ್ಕು ಮುಖ್ಯ. ಭಾರತದಲ್ಲಿ ಮೆಕ್ಕಾ ಪಶ್ಚಿಮಕ್ಕಿರುವುದರಿಂದ ಪ್ರಾರ್ಥನೆಯ ಗೂಡು ಪಶ್ಚಿಮದ ಗೋಡೆಯಲ್ಲಿರುತ್ತದೆ. ದಿಕ್ಸೂಚಿ ಹಿಡಿದು ಹೋದ ವಿದ್ಯಾರ್ಥಿಗೆ ಕಟ್ಟಡದ ಮುಖ ಯಾವ ಕಡೆಗೆ, ಯಾಕೆ ಎಂಬುದೇ ಮೊದಲ ಪಾಠ.

ಹಳೆಯ ಕಟ್ಟಳೆಯ ಪ್ರಕಾರ ಚಾನ್ಸೆಲ್ಲಿನ ರಿಪೇರಿ ಖರ್ಚು ಚರ್ಚಿನ ಆದಾಯ ಪಡೆಯುವವರದು, ನೇವ್‌ನ ಖರ್ಚು ಊರವರದು. ಊರಿಗೆ ದುಡ್ಡು ಬಂದರೆ ನೇವ್ ದೊಡ್ಡದಾಗುತ್ತಿತ್ತು. ಕುರಿ ಉಣ್ಣೆಯ ವ್ಯಾಪಾರದಿಂದ ಶ್ರೀಮಂತವಾದ ಬರ್ಫರ್ಡ್ ಎಂಬ ಊರಿನ ಚರ್ಚು ಇದಕ್ಕೆ ಒಳ್ಳೆಯ ಉದಾಹರಣೆ. ಗೋಪುರದ ಕೆಳಭಾಗ ಹನ್ನೆರಡನೇ ಶತಮಾನದ್ದು, ದಪ್ಪ ಗೋಡೆ, ಅರ್ಧವೃತ್ತದ ಕಮಾನು. ಅದರ ಮೇಲಿನ ಚೂಪು ಶಿಖರ ಹದಿನೈದನೇ ಶತಮಾನದ್ದು. ನಡುವಿನ ಶತಮಾನಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ವರ್ತಕರು ಇಲ್ಲೊಂದು ಕೋಣೆ, ಅಲ್ಲೊಂದು ಕಿಟಕಿ ಸೇರಿಸಿದ್ದಾರೆ. ಕುರಿ ಸಾಕಣೆಗೆ ಹೆಸರಾದ ಶಿರಾ, ಪಾವಗಡ ಸೀಮೆಯವರಿಗೆ ಉಣ್ಣೆಯ ದುಡ್ಡಿನಲ್ಲಿ ಎದ್ದ ಈ ಗೋಪುರದ ಕಥೆ ತೀರಾ ದೂರದ್ದೆನಿಸಲಾರದು.

ಹೀಗೆ ಒಂದೇ ಕಟ್ಟಡದಲ್ಲಿ ನಾಲ್ಕಾರು ಶತಮಾನಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ. ಕಮಾನಿನ ಆಕಾರ ನೋಡಿ ಕಾಲ ಹೇಳುವ ವಿಧಾನವನ್ನು 1817ರಲ್ಲಿ ಥಾಮಸ್ ರಿಕ್ಮನ್ ಎಂಬಾತ ವ್ಯವಸ್ಥಿತವಾಗಿ ಬರೆದಿಟ್ಟ. ದುಂಡು ಕಮಾನಾದರೆ ಹಳೆಯದು, ಸಣ್ಣಗೆ ಚೂಪಾದರೆ ಹದಿಮೂರನೇ ಶತಮಾನ, ಕಿಟಕಿಯ ತಲೆಯಲ್ಲಿ ಕಲ್ಲಿನ ಹೆಣಿಗೆ ಬಳುಕಿದರೆ ಹದಿನಾಲ್ಕು, ಉದ್ದುದ್ದ ನೆಟ್ಟ ಗೆರೆಗಳಾದರೆ ಅದರ ನಂತರದ್ದು. ಕಟ್ಟಡವನ್ನು ಪುಸ್ತಕದಂತೆ ಓದುವ ಅಕ್ಷರಮಾಲೆ ಸಿಕ್ಕಿದ್ದು ಹೀಗೆ.

ಓದಲು ಕಲಿತವರೇ ಪುಟ ಹರಿಯಲು ಹೊರಟಿದ್ದು ಮಾತ್ರ ದುರಂತ.

ಚೆಂದ ಮಾಡುವ ಹುಚ್ಚು

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹಣವೂ ಇತ್ತು, ಭಕ್ತಿಯೂ ಇತ್ತು. ಚರ್ಚುಗಳು ಸೋರುತ್ತಿದ್ದುದೂ ನಿಜ. ರಿಪೇರಿ ಶುರುವಾಯಿತು. ಆದರೆ ಆಗಿನ ಶಿಲ್ಪಿಗಳಿಗೆ ಹದಿಮೂರು, ಹದಿನಾಲ್ಕನೇ ಶತಮಾನದ ಶೈಲಿಯೇ ಶ್ರೇಷ್ಠ ಎಂಬ ನಂಬಿಕೆ. ಅದಕ್ಕಿಂತ ಈಚಿನದೆಲ್ಲ ಕಸ ಎಂದು ಕಿತ್ತರು. ಕಟ್ಟಡವನ್ನು ಅದರ ‘ಮೂಲ ರೂಪ’ಕ್ಕೆ ತರುತ್ತೇವೆ ಎಂದು ಹೇಳಿ, ಎಂದೂ ಇಲ್ಲದಿದ್ದ ರೂಪಕ್ಕೆ ತಂದರು. ಒಳಗೋಡೆಯ ಸುಣ್ಣದ ಗಾರೆಯನ್ನು ಕೆರೆದು ಕಲ್ಲು ಕಾಣುವಂತೆ ಮಾಡಿದರು. ಗಾರೆಯ ಜೊತೆಗೆ ಅದರ ಮೇಲಿದ್ದ ಹಳೆಯ ಚಿತ್ರಗಳೂ ಉದುರಿದವು.

1876ರಲ್ಲಿ ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್ ಬರ್ಫರ್ಡಿನ ಚರ್ಚಿನಲ್ಲಿ ನಡೆಯುತ್ತಿದ್ದ ಕೆಲಸ ನೋಡಿ ಬೇಸರಪಟ್ಟ. ಅಲ್ಲಿನ ಪಾದ್ರಿಯೊಡನೆ ವಾದಕ್ಕಿಳಿದಾಗ, ಚರ್ಚು ತನ್ನದು, ಬೇಕೆನಿಸಿದರೆ ಅದರೊಳಗೆ ತಲೆಕೆಳಗಾಗಿಯೂ ನಿಲ್ಲುತ್ತೇನೆ ಎಂದು ಪಾದ್ರಿ ಉತ್ತರಿಸಿದನೆಂಬ ಕಥೆ ಇದೆ. ಮರುವರ್ಷ, 1877ರಲ್ಲಿ, ಟ್ಯೂಕ್ಸ್‌ಬರಿಯ ದೊಡ್ಡ ಚರ್ಚಿಗೂ ಇದೇ ಗತಿ ಬರಲಿದೆಯೆಂದು ತಿಳಿದು ಮಾರಿಸ್ ಪತ್ರಿಕೆಗೆ ಬರೆದ. ಗೆಳೆಯರನ್ನು ಸೇರಿಸಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದ. ಗೋಡೆ ಕೆರೆಯುವುದನ್ನು ವಿರೋಧಿಸಿದ್ದಕ್ಕೆ ಆ ಸಂಘಕ್ಕೆ ‘ಕೆರೆತ ವಿರೋಧಿ ಸಂಘ’ ಎಂಬ ಅಡ್ಡಹೆಸರು ಬಿತ್ತು.

ಅವರ ವಾದ ಸರಳವಾಗಿತ್ತು. ಹಳೆಯ ಕಟ್ಟಡವನ್ನು ಯಾವುದೋ ಒಂದು ಕಾಲಕ್ಕೆ ಹಿಂದಿರುಗಿಸಲು ಯಾರಿಂದಲೂ ಆಗದು. ಆಗುವುದು ಒಂದೇ: ದಿನದಿನದ ಆರೈಕೆ. ಸೂರಿನ ಹೆಂಚು ಸರಿದಿದ್ದರೆ ಕೂಡಿಸುವುದು, ನೀರು ಹೋಗುವ ದಾರಿ ಬಿಡಿಸುವುದು, ವಾಲಿದ ಗೋಡೆಗೆ ಆಸರೆ ಕೊಡುವುದು. ಹೊಸದನ್ನು ಸೇರಿಸಲೇಬೇಕಾದರೆ ಅದು ಹೊಸದೆಂದು ತಿಳಿಯುವಂತಿರಬೇಕು. ಹಳೆಯದರ ವೇಷ ಹಾಕಬಾರದು.

ಬರ್ಫರ್ಡಿನ ಚರ್ಚಿನಲ್ಲಿಯೇ ಇದಕ್ಕೊಂದು ಸಾಕ್ಷಿ ಇದೆ. 1649ರ ಮೇ ತಿಂಗಳಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ದಂಗೆಯೆದ್ದ ಸೈನಿಕರನ್ನು ಈ ಚರ್ಚಿನೊಳಗೆ ಕೂಡಿಹಾಕಿದ್ದರು. ಮೂವರನ್ನು ಹೊರಗೆ ನಿಲ್ಲಿಸಿ ಗುಂಡಿಕ್ಕಿದರು. ಒಳಗಿದ್ದ ಆಂಥೊನಿ ಸೆಡ್ಲಿ ಎಂಬ ಕೈದಿ ಜ್ಞಾನಸ್ನಾನದ ತೊಟ್ಟಿಯ ಅಂಚಿನಲ್ಲಿ ತನ್ನ ಹೆಸರು, ಇಸವಿ ಮತ್ತು ಕೈದಿ ಎಂಬ ಪದವನ್ನು ಕೊರೆದ. ಆ ಪದದ ಕಾಗುಣಿತವೂ ನೆಟ್ಟಗಿಲ್ಲ. ಶಿರಾದಲ್ಲಿ ಮಲಿಕ್ ರಿಹಾನನ ಕಾಲ ನಡೆಯುತ್ತಿದ್ದಾಗ ಸಾವಿನ ಎದುರು ಕುಳಿತ ಒಬ್ಬ ಸಾಮಾನ್ಯ ಸಿಪಾಯಿ ಗೀಚಿದ ಆ ಗೆರೆಗಳು ಇಂದೂ ಇವೆ. ಯಾರಾದರೂ ತೊಟ್ಟಿಯನ್ನು ಉಜ್ಜಿ ಹೊಳಪು ಕೊಟ್ಟಿದ್ದರೆ ಆ ಸಾಕ್ಷಿ ಹೋಗಿಯೇಬಿಡುತ್ತಿತ್ತು.

ಹಾಗೆಂದು ಮಧುಗಿರಿ ಕೋಟೆಯ ಗೋಡೆಯ ಮೇಲೆ ಇಂದಿನವರು ಹೆಸರು ಕೆತ್ತಿದರೆ ಅದು ಇತಿಹಾಸವಾಗುವುದಿಲ್ಲ, ಅಪರಾಧವಾಗುತ್ತದೆ. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ, 2010ರ ತಿದ್ದುಪಡಿಯ ನಂತರ, ಸಂರಕ್ಷಿತ ಸ್ಮಾರಕವನ್ನು ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ದಾನಿಯ ಕೈ

ಕಟ್ಟಡಕ್ಕೆ ಬಡತನವೇ ಶತ್ರು ಎಂದು ಎಲ್ಲರೂ ತಿಳಿಯುತ್ತಾರೆ. ಸಿರಿತನ ಅದಕ್ಕಿಂತ ದೊಡ್ಡ ಶತ್ರುವಾಗಬಲ್ಲದು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನಲ್ಲಿ ಒಂದು ಪುರಾತನ ಮಠದ ಚರ್ಚು. ಊರವರು ಅದನ್ನು ತಮ್ಮ ಪ್ಯಾರಿಷ್ ಚರ್ಚಾಗಿ ಬಳಸುತ್ತಿದ್ದರು. ಕಟ್ಟಡ ಶಿಥಿಲವಾಗಿತ್ತು, ಹಣವಿರಲಿಲ್ಲ. ಆಗ ಮುಂದೆ ಬಂದವನು ಶ್ರೀಮಂತ ವಕೀಲ ಲಾರ್ಡ್ ಗ್ರಿಮ್‌ಥಾರ್ಪ್. ಖರ್ಚೆಲ್ಲ ತನ್ನದು, ಆದರೆ ನಕ್ಷೆಯೂ ತನ್ನದೇ. ದುಡ್ಡು ಕೊಡುವವನಿಗೆ ಎದುರಾಡುವವರು ಯಾರು? 1880ರ ದಶಕದಲ್ಲಿ ಆತ ಪಶ್ಚಿಮದ ಮುಖವನ್ನೇ ತನಗೆ ತೋಚಿದಂತೆ ಹೊಸದಾಗಿ ಕಟ್ಟಿಸಿದ. ಕಟ್ಟಡ ಬಿದ್ದುಹೋಗದೆ ಉಳಿಯಿತು ಎಂಬುದೂ ಸತ್ಯ. ಆದರೆ ದುಡ್ಡಿನ ಬಲದಿಂದ ಹಳೆಯ ಕಟ್ಟಡ ಕೆಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಗ್ರಿಮ್‌ಥಾರ್ಪ್ ಮಾಡುವುದು’ ಎಂಬ ಕ್ರಿಯಾಪದವೇ ಹುಟ್ಟಿಕೊಂಡಿತು.

ಈ ಕಥೆ ಓದುವಾಗ ನಮ್ಮ ಊರುಗಳ ನೆನಪಾಗದೆ ಇರದು. ಹೊರಗೆ ಹೋಗಿ ದುಡಿದ ಮಗ ಊರ ದೇವರಿಗೆ ಏನಾದರೂ ಮಾಡಬೇಕೆಂದು ಬರುತ್ತಾನೆ. ಅವನ ಭಕ್ತಿಯಲ್ಲಿ ಕಪಟವಿಲ್ಲ. ಗರ್ಭಗುಡಿಯ ಒಳಗೋಡೆಗೆ ನುಣುಪು ಟೈಲ್ಸ್, ಕಂಬಗಳಿಗೆ ಆಯಿಲ್ ಪೇಂಟ್, ನೆಲಕ್ಕೆ ಗ್ರಾನೈಟ್, ಸೂರಿನ ಮೇಲೆ ಸಿಮೆಂಟ್ ಕಾಂಕ್ರೀಟು. ಹಳೆಯ ಜಗಲಿಯ ಕಲ್ಲು ಹಾಸಿನಡಿ ಹೋಗುತ್ತದೆ. ಶಾಸನದ ಕಲ್ಲು ಬಣ್ಣದಡಿ ಮುಚ್ಚಿಹೋಗುತ್ತದೆ. ಬಾಗಿಲ ಪಕ್ಕದಲ್ಲಿ ಮಾತ್ರ ದಾನಿಯ ಹೆಸರಿನ ಹೊಸ ಫಲಕ ಹೊಳೆಯುತ್ತದೆ.

ಸುಣ್ಣ ಉಸಿರಾಡುತ್ತದೆ

ಇದರಲ್ಲಿ ಬರೀ ಅಂದದ ಪ್ರಶ್ನೆ ಇದ್ದಿದ್ದರೆ ಅವರವರ ರುಚಿ ಎಂದು ಸುಮ್ಮನಾಗಬಹುದಿತ್ತು. ಆದರೆ ಇದು ರಸಾಯನಶಾಸ್ತ್ರದ ಪ್ರಶ್ನೆಯೂ ಹೌದು.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಮರಳು ಬೆರೆಸಿ ಅರೆದ ಗಾರೆ ಗೋಡೆ ಸೇರಿದ ಮೇಲೆ ಗಾಳಿಯಿಂದ ಅದೇ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಗಾರೆಯ ಗುಣ ಹೆಚ್ಚಿಸುವ ಪದ್ಧತಿ ನಮ್ಮ ಕಡೆ ಇತ್ತು. ಈ ಗಾರೆ ಇಟ್ಟಿಗೆ, ಕಲ್ಲುಗಳಿಗಿಂತ ಮೆತ್ತಗೆ. ಬೇಸಿಗೆಯಲ್ಲಿ ಕಲ್ಲು ಹಿಗ್ಗಿದರೆ, ರಾತ್ರಿ ಕುಗ್ಗಿದರೆ ಗಾರೆ ತಾನೇ ಸ್ವಲ್ಪ ಸರಿದು ಜಾಗ ಕೊಡುತ್ತದೆ. ಗೋಡೆಯೊಳಗೆ ಸೇರಿದ ತೇವ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಆರಿಹೋಗುತ್ತದೆ.

ಸಿಮೆಂಟು ಹಾಗಲ್ಲ. ಅದು ಗಟ್ಟಿ, ಬಿಗಿ. ಹೊಸ ಮನೆಗೆ ಅದು ಒಳ್ಳೆಯದೇ. ಆದರೆ ಹಳೆಯ ಸುಣ್ಣದ ಗೋಡೆಯ ಮೇಲೆ ಸಿಮೆಂಟು ಮೆತ್ತಿದರೆ, ಆಯಿಲ್ ಪೇಂಟ್ ಬಳಿದರೆ, ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿದವನ ಸ್ಥಿತಿ ಗೋಡೆಯದು. ತೇವದ ಜೊತೆಗಿದ್ದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಬಣ್ಣ ಫಳಫಳ. ಹತ್ತು ಹದಿನೈದು ವರ್ಷಗಳ ನಂತರ ಹಪ್ಪಳದಂತೆ ಎದ್ದು ಬೀಳುವಾಗ ಹಿಂದಿನ ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಗೋಪುರಗಳ ಕೆಳಭಾಗ ಕಲ್ಲಿನದಾದರೂ ಮೇಲಿನ ಅಂತಸ್ತುಗಳು ಸಾಮಾನ್ಯವಾಗಿ ಇಟ್ಟಿಗೆ ಗಾರೆಯವು ಎಂಬುದನ್ನು ನೆನಪಿಟ್ಟರೆ ಈ ಅಪಾಯದ ಗಾತ್ರ ತಿಳಿಯುತ್ತದೆ.

ಜಗಳ ಶಿರಾಕ್ಕೆ ಬಂದ ದಾರಿ

ಮಾರಿಸ್ ಮತ್ತು ಗೆಳೆಯರ ವಾದ ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ. 1902ರಿಂದ 1928ರವರೆಗೆ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದವರು ಜಾನ್ ಮಾರ್ಷಲ್. ಮೊಹೆಂಜೊದಾರೊ, ಹರಪ್ಪಗಳ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಮಾರ್ಷಲ್ ಇವರೇ. 1923ರಲ್ಲಿ ಅವರು ಸ್ಮಾರಕಗಳ ಸಂರಕ್ಷಣೆಗೆಂದು ಇಲಾಖೆಯವರಿಗೆ ಒಂದು ಕೈಪಿಡಿ ಬರೆದರು. ಇಂಗ್ಲೆಂಡಿನ ಆ ಸಂಘದ ವಿಚಾರವೇ ಅದರ ತಿರುಳು: ಹೊಸದಾಗಿ ಮಾಡಿದ ಪರಿಪೂರ್ಣ ಕೆತ್ತನೆಗಿಂತ ಅರ್ಧ ಸವೆದ ಮೂಲ ಕೆತ್ತನೆಗೇ ಬೆಲೆ ಹೆಚ್ಚು, ಉಳಿಸುವುದು ಮೊದಲು, ಹೊಸತು ಮಾಡುವುದು ಅನಿವಾರ್ಯವಾದಾಗ ಮಾತ್ರ.

ಆಗ ಶಿರಾ, ಮಧುಗಿರಿ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ 1925ರಲ್ಲಿ ತನ್ನದೇ ಸ್ಮಾರಕ ಸಂರಕ್ಷಣಾ ಶಾಸನ ತಂದಿತು. ಇಂದು ಶಿರಾದ ಜುಮ್ಮಾ ಮಸೀದಿ, ಮಲಿಕ್ ರಿಹಾನ್ ದರ್ಗಾ, ಮಧುಗಿರಿಯ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಮತ್ತೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಅಕ್ಕಪಕ್ಕದಲ್ಲಿ ಮನೆ ಇರುವವರಿಗೆ ಇದು ಕಿರಿಕಿರಿಯೆನಿಸುವುದು ಸಹಜ. ಆದರೆ ಅಡಿಪಾಯ ತೋಡಿದರೆ, ಕೊಳವೆಬಾವಿ ಕೊರೆದರೆ ಹಳೆಯ ಗೋಡೆ ಅಲುಗುತ್ತದೆ ಎಂಬ ಕಾರಣ ಗೊತ್ತಿದ್ದರೆ ಸಿಟ್ಟು ಸ್ವಲ್ಪ ಇಳಿದೀತು.

ಇಂಗ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1955ರಲ್ಲಿ ಅಲ್ಲಿ ಬಂದ ನಿಯಮದಂತೆ ಪ್ರತಿ ಊರ ಚರ್ಚನ್ನೂ ಐದು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಸೂರಿನಿಂದ ಚರಂಡಿಯವರೆಗೆ ಏನೇನಾಗಿದೆ, ಯಾವುದು ತುರ್ತು, ಯಾವುದು ಕಾಯಬಹುದು ಎಂದು ಬರೆದುಕೊಡುತ್ತಾರೆ. ಮಕ್ಕಳಿಗೆ ಲಸಿಕೆ ಹಾಕಿಸುವ ಚೀಟಿಯಂತೆ ಕಟ್ಟಡಕ್ಕೂ ಒಂದು ಚೀಟಿ. ಕಾಯಿಲೆ ಸಣ್ಣದಿರುವಾಗಲೇ ಕಂಡರೆ ಖರ್ಚೂ ಸಣ್ಣದು.

ಸಂರಕ್ಷಿತ ಪಟ್ಟಿಗೆ ಸೇರದ ಕಟ್ಟಡಗಳ ಪಾಡೇನು? ಮಧುಗಿರಿ, ಕೊರಟಗೆರೆಯ ಹಳ್ಳಿಗಳಲ್ಲಿ, ಒಂದು ಕಾಲಕ್ಕೆ ಚೋಳ ವಂಶವೊಂದರ ರಾಜಧಾನಿಯಾಗಿದ್ದ ಪಾವಗಡ ತಾಲ್ಲೂಕಿನ ನಿಡಗಲ್ಲಿನ ಸುತ್ತಮುತ್ತ, ಗಡಿಯಾಚೆ ನೊಳಂಬರ ರಾಜಧಾನಿ ಹೇಮಾವತಿಯವರೆಗೂ ಹಳೆಯ ಗುಡಿಗಳಿವೆ, ಮಂಟಪಗಳಿವೆ, ವೀರಗಲ್ಲುಗಳಿವೆ. ಇಂಥವುಗಳಲ್ಲಿ ಬಹಳಷ್ಟಕ್ಕೆ ಊರವರೇ ಕಾವಲು, ಊರವರೇ ವೈದ್ಯರು.

ಮರೆತುಹೋದ ಒಂದು ಮಾತು

ಹಾಗಾದರೆ ಇದೆಲ್ಲ ಇಂಗ್ಲೆಂಡಿನವರಿಂದ ಕಲಿಯಬೇಕಾದ ಪಾಠವೇ? ಹಾಗೇನಿಲ್ಲ. ದೇವಾಲಯಕ್ಕೆ ಭೂಮಿ ಬಿಟ್ಟುಕೊಟ್ಟ ಹಳೆಯ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದದ್ದು. ಮುರಿದ, ಬಿರಿದ, ಸವೆದ ಭಾಗಗಳನ್ನು ಸರಿಪಡಿಸುವ ಖರ್ಚಿಗೆಂದೇ ಗದ್ದೆ, ಬೆದ್ದಲು ಮೀಸಲಿಡುತ್ತಿದ್ದರು. ಗುಡಿ ಕಟ್ಟಿದ ದಿನವೇ ಅದರ ಬಿರುಕಿಗೂ ಹಣ ತೆಗೆದಿಟ್ಟ ದೂರದೃಷ್ಟಿ ಅದು. ಮಾರಿಸ್ 1877ರಲ್ಲಿ ಹೇಳಿದ ದಿನನಿತ್ಯದ ಆರೈಕೆ ನಮ್ಮವರ ಶಾಸನಗಳಲ್ಲಿ ಶತಮಾನಗಳ ಹಿಂದೆಯೇ ಇತ್ತು.

ಇಂದು ‘ಜೀರ್ಣೋದ್ಧಾರ’ ಎಂಬ ಪದ ಮಾತ್ರ ಆಹ್ವಾನ ಪತ್ರಿಕೆಗಳಲ್ಲಿ ಉಳಿದಿದೆ. ಅರ್ಥ ತಿರುಗಿದೆ. ಎಷ್ಟೋ ಕಡೆ ಅದು ಹಳೆಯದನ್ನು ಕೆಡವಿ ಹೊಸದು ಕಟ್ಟುವುದಕ್ಕೆ ಇಟ್ಟ ಹೆಸರು. ಬಿರುಕು ಮುಚ್ಚಲು ಯಾರೂ ದಾನ ಕೊಡುವುದಿಲ್ಲ, ಏಕೆಂದರೆ ಮುಚ್ಚಿದ ಬಿರುಕಿನ ಮೇಲೆ ಹೆಸರಿನ ಫಲಕ ಹಾಕಲು ಬರುವುದಿಲ್ಲ.

ಪದಕ್ಕೆ ಹಳೆಯ ಅರ್ಥ ಮರಳಿ ಬರಬೇಕಾದರೆ ಗೋಡೆ ನೋಡಲು ಕಲಿತ ಕಣ್ಣುಗಳು ಊರಿನಲ್ಲಿರಬೇಕು. ಶಾಲೆಯ ಮಕ್ಕಳಿಗಿಂತ ಚುರುಕಾದ ಕಣ್ಣು ಯಾರಿಗಿದೆ? ರಜೆಯಲ್ಲಿ ನಾಲ್ಕು ಮಕ್ಕಳು ಸೇರಿ ಊರ ಗುಡಿಯದೋ ಮಸೀದಿಯದೋ ನಕ್ಷೆಯನ್ನು ಹೆಜ್ಜೆ ಅಳತೆಯಲ್ಲಿ ಬರೆಯಬಹುದು. ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ, ಯಾವ ಬಾಗಿಲು ಯಾವ ದಿಕ್ಕಿಗೆ, ಎಲ್ಲಿ ಕಲ್ಲು ಮುಗಿದು ಇಟ್ಟಿಗೆ ಶುರುವಾಗುತ್ತದೆ ಎಂದು ಗುರುತಿಸಬಹುದು. ಮಳೆ ಬಂದ ಮಾರನೆಯ ದಿನ ಹೋದರೆ ಎಲ್ಲಿ ನೀರು ನಿಂತಿದೆ, ಯಾವ ಮೂಲೆ ತೇವ ಕುಡಿದಿದೆ ಎಂಬುದು ಕಾಣುತ್ತದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ತಮ್ಮ ಊರಿನ ಕಲ್ಲು ಅದರಲ್ಲಿದೆಯೇ, ಇದ್ದರೆ ಆ ಕಲ್ಲು ಇನ್ನೂ ಊರಿನಲ್ಲಿದೆಯೇ ಎಂದು ಹುಡುಕುವುದು ಪ್ರಾಜೆಕ್ಟ್ ಕೆಲಸಕ್ಕೆ ತಕ್ಕ ವಿಷಯ. ಪಾಲಕರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ತಾವು ಚಿಕ್ಕವರಿದ್ದಾಗ ಜಗಲಿ ಹೇಗಿತ್ತು, ಬಣ್ಣ ಯಾವಾಗ ಬಂತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲದ ಮಾಹಿತಿ.

ಸೂರಿನ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಯ ಮೇಲೂ ಒಂದು ಕಣ್ಣಿರಲಿ. ಹಕ್ಕಿ ತಂದು ಹಾಕಿದ ಬೀಜ, ಮೊದಲ ವರ್ಷ ಎರಡೇ ಎಲೆ. ದೇವರ ಮರ, ಕೀಳಬಾರದು ಎಂದು ಹಿರಿಯರು ಹಿಂಜರಿಯುತ್ತಾರೆ. ಹತ್ತು ವರ್ಷ ಬಿಟ್ಟರೆ ಅದರ ಬೇರು ಇಳಿದು ಗೋಪುರವನ್ನೇ ಸೀಳುತ್ತದೆ. ಆಗ ಲಕ್ಷಗಟ್ಟಲೆ ಚಂದಾ ಎತ್ತಬೇಕು, ಕೆಡವಬೇಕೋ ಬೇಡವೋ ಎಂದು ಸಭೆ ಸೇರಬೇಕು. ಎರಡೆಲೆಯಿದ್ದಾಗ ಮೇಲೆ ಹತ್ತಬಲ್ಲ ದೊಡ್ಡವರೊಬ್ಬರಿಗೆ ಅದನ್ನು ತೋರಿಸಿ, ಬೇರು ಸಮೇತ ಮೆಲ್ಲಗೆ ಬಿಡಿಸಿ, ಗುಡಿಯಿಂದ ದೂರದಲ್ಲಿ ನೆಲಕ್ಕೆ ನೆಟ್ಟರೆ ಸಾಕು. ಮರವೂ ಬದುಕುತ್ತದೆ, ಗುಡಿಯೂ ಉಳಿಯುತ್ತದೆ.

ಖಂಡಸ್ಫುಟಿತ ಜೀರ್ಣೋದ್ಧಾರವೆಂದರೆ ಇಷ್ಟೇ. ಅದಕ್ಕೆ ಫಲಕ ಬೇಡ.